ಮಹಾಮಾರಿ ಕಲಿಸಿದ್ದು: ಅಂಗಡಿ, ಶಾಲೆ, ಮನೆ

2020ರ ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. 25ರಿಂದ ಇಡೀ ದೇಶ ಬಾಗಿಲು ಹಾಕಿಕೊಂಡಿತು. 21 ದಿವಸವೆಂದು ಹೇಳಿದ್ದು ಮೇ 31ರ ತನಕ ಬೆಳೆಯಿತು. ಕೋವಿಡ್‌ನ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು 2023ರ ಮೇ 5ರಂದು. ಈಗ ಜನ ಅದನ್ನು ಮರೆಯುತ್ತ ನಡೆದಿದ್ದಾರೆ. ಆದರೆ ವ್ಯಾಪಾರಿಯಾದವನು ದೀಪಾವಳಿಗೆ ಖಾತೆ ತೆಗೆದು ಬಂದದ್ದೆಷ್ಟು, ಹೋದದ್ದೆಷ್ಟು ಎಂದು ನೋಡುತ್ತಾನೆ. ಆ ಮೂರು ವರ್ಷಗಳ ಲೆಕ್ಕವನ್ನೂ ಪ್ರತಿಯೊಂದು ಮನೆಯವರು ಒಮ್ಮೆ ಕುಳಿತು ನೋಡುವುದು ಒಳ್ಳೆಯದು.

ಇಂಥ ಸಂಕಟ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದು ನಮ್ಮ ಭಾಗಕ್ಕೂ ಹರಡಿದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಆಗ, 1897ರಲ್ಲಿ, ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯೇ 2020ರಲ್ಲಿಯೂ ಕೆಲಸಕ್ಕೆ ಬಂತು. ಅವರು ಮನೆ ಬಿಟ್ಟು ಬದುಕಿದರು. ನಾವು ಮನೆ ಹಿಡಿದು ಬದುಕಿದೆವು.

ಉದ್ಯೋಗ

ಕಿರಾಣಿ ಅಂಗಡಿಗಳಿಗೆ ತೆರೆಯಲು ಅಪ್ಪಣೆ ಇತ್ತು. ಅಂಗಡಿಯ ಮುಂದೆ ಸುಣ್ಣದ ಗೆರೆ ಎಳೆದು, ಒಬ್ಬೊಬ್ಬ ಗಿರಾಕಿಯನ್ನು ಒಂದೊಂದು ಚೌಕದಲ್ಲಿ ನಿಲ್ಲಿಸಿ ಸಾಮಾನು ಕೊಟ್ಟೆವು. ಚೀಟಿಯಲ್ಲಿ ಬರುತ್ತಿದ್ದ ಯಾದಿ ವಾಟ್ಸಾಪ್‌ನಲ್ಲಿ ಬರತೊಡಗಿತು. "ಕಾಕಾ, ಸಾಮಾನು ಕಟ್ಟಿಡ್ರಿ, ಹುಡುಗನ್ನ ಕಳಸ್ತೀನಿ" ಎಂಬ ಮಾತು ದಿನಾ ಕೇಳುತ್ತಿತ್ತು. ಮೊಬೈಲಿನಿಂದ ಹಣ ಕೊಡುವ ಯುಪಿಐ 2016ರಲ್ಲಿಯೇ ಬಂದಿತ್ತು. ಆದರೆ ಸಣ್ಣ ಊರಿನ ಎಷ್ಟೋ ಗಲ್ಲಾಪೆಟ್ಟಿಗೆಗಳ ಪಕ್ಕ ಆ ಚೌಕಟ್ಟಿನ ಚಿತ್ರ ಅಂಟಿದ್ದು ನೋಟು ಮುಟ್ಟಲು ಜನ ಅಂಜಿದ ಮೇಲೆ.

ಎಲ್ಲರ ಕಥೆ ಹೀಗಿರಲಿಲ್ಲ. ಸೊಲ್ಲಾಪುರದ ಮಗ್ಗಗಳು ನಿಂತವು. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಎಲೆ ತಂಬಾಕು ಸಿಗದೆ ಕೂಲಿ ನಿಂತಿತು. ಅಕ್ಕಲಕೋಟೆಯಲ್ಲಿ ತೆಂಗಿನಕಾಯಿ, ಹೂವು, ಪೇಢೆ ಮಾರುವವರ ಹೊಟ್ಟೆ ತುಂಬುವುದು ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರಿಂದ. ಮಹಾರಾಷ್ಟ್ರದ ಗುಡಿ ಬಸದಿಗಳು ತೆರೆದದ್ದು 2020ರ ನವೆಂಬರ್ 16ಕ್ಕೆ. 2021ರಲ್ಲಿ ಮತ್ತೆ ಮುಚ್ಚಿ ಅಕ್ಟೋಬರ್ 7ಕ್ಕೆ ತೆರೆದವು. ಇಂಥವರನ್ನು ಕಾಯ್ದದ್ದು 2020ರ ಏಪ್ರಿಲ್‌ನಿಂದ ತಲೆಗೆ ಐದು ಕಿಲೋದಂತೆ ಪುಕ್ಕಟೆ ಸಿಕ್ಕ ಸರಕಾರದ ಧಾನ್ಯ, ಮತ್ತು ಅಂಗಡಿಯ ಉದ್ರಿ. ಉದ್ರಿ ಎಂದರೆ ಬರೀ ಬಾಕಿಯಲ್ಲ, ಕಷ್ಟಕಾಲದಲ್ಲಿ ಊರು ಊರನ್ನು ನಂಬುವ ಬಗೆ. ದೂರದ ಕಂಪನಿ ಮನೆಬಾಗಿಲಿಗೆ ಸಾಮಾನು ತಂದುಕೊಟ್ಟೀತು. ಕೂಲಿಯಿಲ್ಲದ ಮನೆಗೆ "ಮಳೆ ಬಂದ ಮೇಲೆ ಕೊಡ್ರಿ" ಎಂದೀತೇ?

ಕಲಿಕೆ

ಹೆಚ್ಚು ನಷ್ಟವಾದದ್ದು ಇಲ್ಲಿ. 2020ರ ಹತ್ತನೆಯ ತರಗತಿಯ ಭೂಗೋಲದ ಪರೀಕ್ಷೆ ರದ್ದಾಯಿತು. 2021ರಲ್ಲಿ ಹತ್ತನೆಯ ಪರೀಕ್ಷೆಯೇ ನಡೆಯಲಿಲ್ಲ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದರಿಂದ ನಾಲ್ಕನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಡಿಸೆಂಬರ್‌ನಲ್ಲಿ. ಅಕ್ಷರ ಕಲಿಯುವ ವಯಸ್ಸು ಮನೆಯಲ್ಲಿಯೇ ಕಳೆಯಿತು.

ಮನೆಗೆ ಒಂದೇ ಫೋನು, ಕಲಿಯುವವರು ಮೂವರು. ತಂದೆ ಕೆಲಸಕ್ಕೆ ಹೋದರೆ ಫೋನೂ ಹೋಯಿತು. ಉಳಿದ ಹೊತ್ತಿನಲ್ಲಿ ಮೊದಲು ಮಗನ ಪಾಳಿ, ಕೊನೆಗೆ ಮಗಳ ಪಾಳಿ. ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಗೆ ಇನ್ನೊಂದು ತೊಡಕು, ಪಾಠ ಯಾವ ಭಾಷೆಯಲ್ಲಿ ಎಂಬುದು. ಕೇರಳದಲ್ಲಿ 2020ರ ಜೂನ್ 1ರಿಂದ ವಿಕ್ಟರ್ಸ್ ವಾಹಿನಿಯಲ್ಲಿ ಪಾಠಗಳು ಮೊದಲಾದವು. ಕಾಸರಗೋಡಿನ ಮಕ್ಕಳಿಗಾಗಿ ಕನ್ನಡ ಪಾಠಗಳೂ ಆದವು.

ನಮ್ಮ ಸೊಲ್ಲಾಪುರ ಜಿಲ್ಲೆಯೂ ಒಂದು ದಾರಿ ತೋರಿಸಿತು. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಳೆಯವರು ಮಕ್ಕಳ ಮನೆಮಾತು ಕನ್ನಡವೆಂದು ತಾವೇ ಕನ್ನಡ ಕಲಿತರು. ಪುಸ್ತಕಗಳನ್ನು ಕನ್ನಡಕ್ಕೆ ತಂದು, ಪುಟಗಳಲ್ಲಿ ಕ್ಯೂಆರ್ ಗುರುತು ಹಾಕಿ, ಫೋನು ಹಿಡಿದರೆ ಪಾಠ ಕೇಳುವಂತೆ ಮಾಡಿದರು. ಮಹಾಮಾರಿಗೆ ಮೊದಲೇ ಮಾಡಿದ ಕೆಲಸವಿದು. 2020ರ ಡಿಸೆಂಬರ್‌ನಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅದರ ಅರ್ಧ ಹಣವನ್ನು ಕೊನೆಯ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚುವುದಾಗಿ ಹೇಳಿದರು. ಯಂತ್ರ ಎಷ್ಟೇ ಹೊಸದಾಗಲಿ, ಮಗುವಿನ ಮಾತಿನಲ್ಲಿ ಕಲಿಸುವ ಮನಸ್ಸು ಮೊದಲು ಬೇಕು.

ಆರೋಗ್ಯ

60 ದಾಟಿದವರಿಗೆ ಲಸಿಕೆ 2021ರ ಮಾರ್ಚ್ 1ರಿಂದ ಸಿಕ್ಕಿತು. ಅದಕ್ಕೂ ಮೊದಲು ವರ್ಷವಿಡೀ ಹಿರಿಯರು ಒಂದು ಕೋಣೆಯಲ್ಲಿ ಉಳಿದರು. ರೋಗದ ಭಯ ಒಂದು, ಮಾತಾಡಿಸುವವರಿಲ್ಲದ ಬೇಸರ ಇನ್ನೊಂದು. ದಶಲಕ್ಷಣ ಪರ್ವವನ್ನೂ ಮನೆಯಲ್ಲಿಯೇ ಆಚರಿಸಿದೆವು. ಮಗಳು ಗಡಿಯಾಚೆ ವಿಜಯಪುರದಲ್ಲಿದ್ದರೆ ಹೋಗಿಬರಲು ಪಾಸು, ಮುಂದೆ ಪರೀಕ್ಷೆಯ ವರದಿ. 2021ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಮದುವೆಗಳಿಗೆ 25 ಜನ, ಎರಡು ತಾಸು ಎಂಬ ನಿಯಮವಾಯಿತು. ಸಾಲ ಮಾಡದೆ ಮಗಳ ಮದುವೆ ಮಾಡಬಹುದೆಂದು ಆಗ ಎಷ್ಟೋ ಮನೆಗಳಿಗೆ ತಿಳಿಯಿತು. ಈಗ ಮತ್ತೆ ಸಾವಿರ ಜನರ ಊಟ ಮೊದಲಾಗಿದೆ.

ಮಾಡಬೇಕಾದುದು

1. ಆರು ತಿಂಗಳ ಮನೆಖರ್ಚನ್ನು ಬೇರೆ ಇಡಬೇಕು. ಅದನ್ನು ವ್ಯಾಪಾರದಲ್ಲಿ ತೊಡಗಿಸಬಾರದು.

2. ಆ ವರ್ಷಗಳಲ್ಲಿ ಒಂದು, ಎರಡನೆಯ ತರಗತಿಯಲ್ಲಿದ್ದ ಮಕ್ಕಳಿಂದ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಬೇಕು. ತಡವರಿಸಿದರೆ ಬೈಯದೆ ಪಕ್ಕದಲ್ಲಿ ಕುಳಿತುಕೊಳ್ಳಿರಿ.

3. ಸಕ್ಕರೆ ರೋಗ, ರಕ್ತದೊತ್ತಡದ ಔಷಧ ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಔಷಧದ ಹೆಸರು ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ.

4. ಕೆಮ್ಮು ಜ್ವರ ಬಂದವರು ಬಾಯಿ ಮುಚ್ಚಿಕೊಂಡು ಮನೆಯಲ್ಲಿರುವ ರೂಢಿಯನ್ನು ಬಿಡಬಾರದು.

5. ಒಬ್ಬರೇ ಇರುವ ಹಿರಿಯರನ್ನು ವಾರಕ್ಕೊಮ್ಮೆಯಾದರೂ ಹೋಗಿ ಮಾತಾಡಿಸಿರಿ. ಫೋನಿನಲ್ಲಿ ಕ್ಷೇಮ ಕೇಳಿದರೆ ಮುಗಿಯಿತೆಂದು ತಿಳಿಯಬೇಡಿರಿ. ಎದುರು ಕುಳಿತು ಒಂದು ಕಪ್ ಚಹಾ ಕುಡಿದು ಬನ್ನಿರಿ.