ಬೆಕ್ಕಿನ ಮರಿಯ ಆಟ ಮತ್ತು ನಮ್ಮ ಕೈಬೆರಳು

ಜೋಳದ ಚೀಲವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಪುಣೆಯ ಪೇಟೆಗಳ ಹಳೆಯ ವಾಡೆಗಳಲ್ಲಿಯೂ ಚಾಳುಗಳಲ್ಲಿಯೂ ಇರುವ ನಮ್ಮ ಬಂಧುಗಳು ಊರಿನಿಂದ ತಂದ ಕಾಳುಕಡ್ಡಿ ಕಾಯಲೆಂದು ಒಂದು ಮರಿಯನ್ನು ತಂದು ಸಾಕುವುದುಂಟು. ವಾರದೊಳಗೇ ದೂರು ಪ್ರಾರಂಭವಾಗುತ್ತದೆ: “ಮರಿ ಕಚ್ಚುತ್ತದೆ, ಪರಚುತ್ತದೆ, ಮಕ್ಕಳ ಕೈತುಂಬ ಗೀರು.” ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರ ಕಾಲ್ಬೆರಳನ್ನು ಹೊದಿಕೆಯ ಮೇಲಿಂದಲೇ ಹಿಡಿಯುವ ಮರಿಯ ಕಥೆಯನ್ನಂತೂ ನಮ್ಮ ವಾಚನಾಲಯದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಬೇಸತ್ತವರು ಮರಿಯನ್ನು ಹೊಡೆಯುತ್ತಾರೆ; ಇನ್ನೂ ಬೇಸತ್ತವರು ಚೀಲದಲ್ಲಿ ಹಾಕಿ ಮುಠಾ ನದಿಯ ಆಚೆ ಬಿಟ್ಟು ಬರುತ್ತಾರೆ. ಕಾರಣವನ್ನು ತಿಳಿದುಕೊಂಡರೆ ಇವೆರಡೂ ಬೇಕಾಗುವುದಿಲ್ಲ.

ಮರಿ ಕಚ್ಚುವುದು ಸಿಟ್ಟಿನಿಂದಲ್ಲ, ಬೇಟೆಯ ಅಭ್ಯಾಸಕ್ಕಾಗಿ. “ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ” ಎಂಬ ನಮ್ಮ ಗಾದೆಯಲ್ಲಿ ಈ ವಿಷಯವೆಲ್ಲ ಅಡಗಿದೆ. ಅಡಗಿ ಕೂಡುವುದು, ಹಾರುವುದು, ಮುಂಗಾಲಿನಿಂದ ಹಿಡಿದು ಹಿಂಗಾಲಿನಿಂದ ಒದೆಯುವುದು, ಇವೆಲ್ಲ ಅದರ ಶಾಲೆಯ ಪಾಠಗಳು. ಎಷ್ಟು ಗಟ್ಟಿಯಾಗಿ ಕಚ್ಚಬಹುದೆಂಬ ಪಾಠವನ್ನು ಕಲಿಸುವವರು ತಾಯಿ ಮತ್ತು ಒಡಹುಟ್ಟಿದ ಮರಿಗಳು. ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ. ತಾಯಿಯೂ ಎದ್ದು ನಡೆಯುತ್ತದೆ. ಹೀಗೆ ಮರಿಗೆ ಮಿತಿ ತಿಳಿಯುತ್ತದೆ. ಆದ್ದರಿಂದ ಎಂಟು ವಾರ ತುಂಬುವ ಮೊದಲೇ ಮರಿಯನ್ನು ತಾಯಿಯಿಂದ ಅಗಲಿಸಿ ತರಬಾರದು. ಅಗಲಿದ ಒಂಟಿ ಮರಿಗೆ ಆ ಪಾಠವನ್ನು ನಾವೇ ಕಲಿಸಬೇಕಾಗುತ್ತದೆ. ಮೂರುವರೆ ತಿಂಗಳಿಂದ ಆರು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಕಚ್ಚುವ ಚಟ ಇನ್ನಷ್ಟು ಹೆಚ್ಚುವುದೂ ಸಹಜವೇ.

ಮೊದಲನೆಯ ತಪ್ಪು ನಮ್ಮದೇ. ಮರಿ ಅಂಗೈಯಗಲ ಇದ್ದಾಗ ಅದರ ಮುಂದೆ ಬೆರಳಾಡಿಸಿ ನಗುತ್ತೇವೆ. ಬೆರಳೂ ಆಟದ ವಸ್ತುವೆಂದು ಅದು ನಂಬುತ್ತದೆ. ನಾಲ್ಕು ತಿಂಗಳು ಕಳೆದು ಹಲ್ಲು ಗಟ್ಟಿಯಾದಾಗ ಅದೇ ಆಟಕ್ಕೆ ಪೆಟ್ಟು ಕೊಡುತ್ತೇವೆ. ಆದ್ದರಿಂದ ಮನೆಯವರೆಲ್ಲ, ಮುಖ್ಯವಾಗಿ ಮಕ್ಕಳು, ಒಂದು ನಿಯಮ ಪಾಲಿಸಬೇಕು: ಕೈ ಇರುವುದು ಉಣಿಸಲಿಕ್ಕೆ ಮತ್ತು ಸವರಲಿಕ್ಕೆ, ಆಡಲಿಕ್ಕಲ್ಲ.

ಮರಿ ಕೈಯನ್ನು ಹಿಡಿದಾಗ ಥಟ್ಟನೆ ಎಳೆದುಕೊಳ್ಳಬಾರದು. ಓಡುವುದೆಲ್ಲ ಅದರ ಕಣ್ಣಿಗೆ ಇಲಿ. ಎಳೆದಷ್ಟೂ ಹಿಡಿತ ಬಿಗಿಯಾಗಿ ಚರ್ಮ ಹರಿಯುತ್ತದೆ. ಕೈಯನ್ನು ಸಡಿಲಬಿಟ್ಟು ಅಲುಗಾಡದೆ ಇರಬೇಕು. ಹಿಡಿತ ಬಿಟ್ಟೊಡನೆ ಮಾತಾಡದೆ ಎದ್ದು ಹೋಗಬೇಕು, ಒಂದೆರಡು ನಿಮಿಷ ಅದರ ಕಡೆ ನೋಡಬಾರದು. ಕಚ್ಚಿದರೆ ಆಟ ಮುಗಿಯಿತು ಎಂಬುದೇ ಶಿಕ್ಷೆ. ಮನೆಯಲ್ಲಿ ಎಲ್ಲರೂ ಪ್ರತಿ ಸಲವೂ ಹೀಗೆಯೇ ಮಾಡಿದರೆ ಮರಿ ಬೇಗ ಕಲಿಯುತ್ತದೆ. ಒಬ್ಬರು ಬಿಟ್ಟು ಒಬ್ಬರು ಬೆರಳಾಡಿಸಿದರೆ ಎಂದೂ ಕಲಿಯುವುದಿಲ್ಲ.

ಹೊಡೆಯುವುದರಿಂದ ಏನಾಗುತ್ತದೆಂಬುದಕ್ಕೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಸಾಕು. ಒಮ್ಮೆ ಕುದಿಯುವ ಹಾಲಿಗೆ ಬಾಯಿಟ್ಟ ಆ ಬೆಕ್ಕು ಮುಂದೆ ಹಾಲನ್ನು ಕಂಡರೇ ಓಡುತ್ತಿತ್ತು. ಪೆಟ್ಟು ತಿಂದ ಮರಿಯೂ ಹಾಗೆಯೇ. ‘ಕಚ್ಚಬಾರದು’ ಎಂದು ಕಲಿಯುವುದಿಲ್ಲ, ‘ಈ ಕೈ ಅಪಾಯದ್ದು’ ಎಂದು ಕಲಿಯುತ್ತದೆ. ಆಮೇಲೆ ಆಟಕ್ಕೆ ಕಚ್ಚುತ್ತಿದ್ದದ್ದು ಅಂಜಿಕೆಯಿಂದ ಕಚ್ಚಲು ತೊಡಗುತ್ತದೆ.

ಬೇಟೆಯ ಹುಮ್ಮಸ್ಸಿಗೆ ಬೇರೆ ದಾರಿ ಕೊಡಬೇಕು. ಒಂದು ಕೋಲಿನ ತುದಿಗೆ ಬಟ್ಟೆಯ ಪಟ್ಟಿ ಕಟ್ಟಿ ನೆಲದ ಮೇಲೆ ಎಳೆದಾಡಿಸಿರಿ. ಹಳೆಯ ಕಾಲುಚೀಲದಲ್ಲಿ ಚಿಂದಿ ತುಂಬಿ ಹೊಲಿದುಕೊಟ್ಟರೆ ಅದನ್ನು ಅಪ್ಪಿ ಒದೆಯುತ್ತದೆ. ಕಾಗದದ ಉಂಡೆಯೂ ಸಾಕು (ವಾಚನಾಲಯದ ಪತ್ರಿಕೆ ಮಾತ್ರ ಬೇಡ!). ಉಗುರು ಮಸೆಯಲು ಒಂದು ಹಲಗೆಗೆ ಗೋಣಿತಟ್ಟು ಬಿಗಿದು ನಿಲ್ಲಿಸಿರಿ. ಆದರೆ ನೂಲನ್ನು ಆಟಕ್ಕೆ ಬಿಟ್ಟು ಹೋಗಬೇಡಿರಿ. ಗಿರಣಿಯ ನಂಟಿರುವ ನಮ್ಮ ಮನೆಗಳಲ್ಲಿ ನೂಲಿನ ತುಂಡಿಗೆ ಬರವಿಲ್ಲ. ಬೆಕ್ಕಿನ ನಾಲಗೆಯ ಮುಳ್ಳುಗಳು ಹಿಮ್ಮುಖವಾಗಿರುವುದರಿಂದ ಬಾಯಿಗೆ ಹೋದ ನೂಲು ಹೊರಬರದೆ ಒಳಗೇ ಇಳಿಯುತ್ತದೆ. ಕರುಳನ್ನು ಮುದುರಿಸಿ ಪ್ರಾಣ ತೆಗೆಯಬಲ್ಲದು.

ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಬೆಕ್ಕಿಗೆ ಚುರುಕು ಹೆಚ್ಚು. ಪಾಳಿಯಿಂದ ಬಂದವರು ಮಲಗುವ ಮೊದಲು ಹತ್ತು ನಿಮಿಷ ಕೋಲಿನ ಆಟ ಆಡಿಸಿ, ಆಮೇಲೆ ಉಣಿಸಿರಿ. ಬೇಟೆ, ಊಟ, ನಿದ್ರೆ ಎಂಬುದು ಬೆಕ್ಕಿನ ಕ್ರಮ. ಅದೂ ಮಲಗುತ್ತದೆ, ನಿಮ್ಮ ಕಾಲ್ಬೆರಳೂ ಉಳಿಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಒಮ್ಮೆ ನನ್ನ ಮಗಳಿಗೆ ಮನೆಯ ಮರಿಯೇ ಕಚ್ಚಿ ರಕ್ತ ಬಂದಾಗ ನಾವು ಅರಿಸಿನ ಹಚ್ಚಿ ಸುಮ್ಮನಾದೆವು. ಮರುದಿನ ಕೈ ಊದಿತು. ಆಗಲೂ “ಹೊಟ್ಟೆಗೆ ಹದಿನಾಲ್ಕು ಇಂಜೆಕ್ಷನ್” ಎಂಬ ಅಂಜಿಕೆಯಿಂದ ಅರ್ಧ ದಿನ ತಡಮಾಡಿದೆನು. ಆಸ್ಪತ್ರೆಗೆ ಹೋದಮೇಲೆ ತಿಳಿಯಿತು, ಆ ಅಂಜಿಕೆಗೆ ಕಾಲವೇ ಮುಗಿದಿತ್ತು. ಹೊಟ್ಟೆಗೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಿದ್ದಾರೆ. ಈಗಿನದನ್ನು ದೊಡ್ಡವರಿಗೆ ತೋಳಿಗೇ, ನಾಲ್ಕೈದು ಸಲ ಮಾತ್ರ ಕೊಡುತ್ತಾರೆ. ಮಗಳು ಗುಣವಾದಳು. ಆದರೆ ಆ ಅರ್ಧ ದಿನ ನೆನಪಾದರೆ ಈಗಲೂ ಎದೆ ನಡುಗುತ್ತದೆ.

ಏಕೆಂದರೆ ಹುಚ್ಚುನಾಯಿಯ ರೋಗವಾದ ರೇಬೀಸ್ ಬೆಕ್ಕಿನಿಂದಲೂ ಬರಬಲ್ಲದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ. ಅದಕ್ಕೆ ಮೊದಲೇ ಲಸಿಕೆ ಪಡೆದರೆ ತಡೆಯಬಹುದು. 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರರು ಒಂಬತ್ತು ವರ್ಷದ ಜೋಸೆಫ್ ಮೈಸ್ಟರನಿಗೆ ಲಸಿಕೆ ಕೊಡಿಸಿದಂದಿನಿಂದ ಜಗತ್ತಿಗೆ ಈ ದಾರಿ ತೆರೆದಿದೆ. ಅಲ್ಲದೆ ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕಿಳಿಯುವುದರಿಂದ ಮೇಲೆ ಸಣ್ಣದಾಗಿ ಕಾಣುವ ಗಾಯ ಒಳಗೆ ಕೀವಾಗುತ್ತದೆ.

ಆದ್ದರಿಂದ ಹಲ್ಲಾಗಲಿ ಉಗುರಾಗಲಿ ಚರ್ಮಕ್ಕೆ ತಾಗಿ ಗೀರು ಮೂಡಿದರೆ, ನಲ್ಲಿಯ ಕೆಳಗೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿರಿ. ಅದೇ ದಿನ ಸಾಸೂನ್ ಆಸ್ಪತ್ರೆಗಾಗಲಿ ಹತ್ತಿರದ ಸರ್ಕಾರಿ ದವಾಖಾನೆಗಾಗಲಿ ಹೋಗಿರಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೇ ಕೊಡುವ ಇನ್ನೊಂದು ಔಷಧವೂ ಬೇಕಾಗಬಹುದು. ಧನುರ್ವಾಯುವಿನ ಇಂಜೆಕ್ಷನ್ ವಿಷಯವನ್ನೂ ಕೇಳಿರಿ. ಮರಿಯನ್ನು ಓಡಿಸಬೇಡಿರಿ, ಹತ್ತು ದಿನ ಕಣ್ಣಿಟ್ಟು ನೋಡಿದರೆ ವೈದ್ಯರಿಗೆ ಸಹಾಯವಾಗುತ್ತದೆ. ಆದರೆ ಆ ಹತ್ತು ದಿನಕ್ಕಾಗಿ ಲಸಿಕೆಯನ್ನು ತಡಮಾಡಬಾರದು. ಮರಿಗೂ ಮೂರು ತಿಂಗಳಾದಾಗ ಪಶುವೈದ್ಯರಿಂದ ರೇಬೀಸ್ ಲಸಿಕೆ ಹಾಕಿಸಿ, ಮುಂದಿನದನ್ನು ಅವರು ಹೇಳಿದ ಸಮಯಕ್ಕೆ ತಪ್ಪಿಸಬೇಡಿರಿ.

ಮರಿ ನಮ್ಮ ಮನೆಗೆ ಬಂದ ಕೂಸಿದ್ದಂತೆ. ಅದರ ಆಟವನ್ನು ತಾಳ್ಮೆಯಿಂದ ತಿದ್ದೋಣ. ಗಾಯವನ್ನು ಮಾತ್ರ, ಎಷ್ಟು ಸಣ್ಣದಾದರೂ, ಆಟವೆಂದು ಬಿಡದಿರೋಣ.