ಫಣಿಯಮ್ಮನ ಸಿಟ್ಟು ಎಲ್ಲಿ ಹೋಯಿತು?

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂದ ಕಾದಂಬರಿ. ಮಲೆನಾಡಿನ ಬ್ರಾಹ್ಮಣ ಕುಟುಂಬದಲ್ಲಿ ಎಳವೆಯಲ್ಲೇ ಮದುವೆಯಾಗಿ, ಗಂಡನೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾದ ಹುಡುಗಿಯ ಕಥೆ. ನಿಜವಾಗಿ ಬದುಕಿದ್ದ ಹೆಂಗಸೊಬ್ಬಳ ಬಾಳೇ ಇದಕ್ಕೆ ಆಧಾರ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದರು.

ಮೈನೆರೆದ ಹುಡುಗಿಯ ಉದ್ದ ಕೂದಲನ್ನು ಬೋಳಿಸುವ ಭಾಗ ಓದುವಾಗ ನನಗೆ ಪುಸ್ತಕ ಮುಚ್ಚಿಡಬೇಕೆನಿಸಿತು. ಮುಂದೆ ಉಳಿಯುವುದು ಒಪ್ಪೊತ್ತಿನ ಊಟ, ಮಡಿ, ಮನೆಮಂದಿಗೆಲ್ಲ ಚಾಕರಿ. ಇಂದಿರಾ ಇದನ್ನೆಲ್ಲ ಅಬ್ಬರವಿಲ್ಲದೆ ಹೇಳುತ್ತಾರೆ, ಅದಕ್ಕೇ ಅದು ಹೆಚ್ಚು ಚುಚ್ಚುತ್ತದೆ.

ಆದರೂ ಒಂದು ಕಸಿವಿಸಿ ಉಳಿದಿದೆ. ಫಣಿಯಮ್ಮ ಯಾರನ್ನೂ ದೂರುವುದಿಲ್ಲ, ಎಲ್ಲರೂ ಅವಳಿಗೆ ಕೈಮುಗಿಯುತ್ತಾರೆ. ನೊಂದವಳನ್ನು ದೇವತೆ ಮಾಡಿಬಿಟ್ಟರೆ ನೋಯಿಸಿದವರು ಸಲೀಸಾಗಿ ಪಾರಾಗುತ್ತಾರಲ್ಲ! ಅವಳ ಸಿಟ್ಟಿಗಾಗಿ ಪುಟಪುಟ ಹುಡುಕಿದೆ. ಹೆರಿಗೆಯಲ್ಲಿ ನರಳುವ ದಲಿತ ಹೆಣ್ಣಿನ ನೆರವಿಗೆ ಹೋದಾಗ, ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರ ನಿಂತಾಗ ಅದು ಕಂಡಂತಾಯಿತು. ಆ ದಾಕ್ಷಾಯಿಣಿಗೆ ಇನ್ನಷ್ಟು ಪುಟ ಸಿಗಬೇಕಿತ್ತು ಎಂಬುದೇ ನನ್ನ ತಕರಾರು.

ತಕರಾರಿದ್ದೂ ಇದನ್ನು ಮಗಳ ಕೈಗಿತ್ತಿದ್ದೇನೆ. ನೀವೂ ಓದಿ, ಮನೆಯ ಗಂಡುಮಕ್ಕಳಿಗೆ ತಪ್ಪದೆ ಓದಿಸಿ.