ಫೋನಿನ ನೆಟ್‌ವರ್ಕ್ ಲಾಕ್ ತೆರೆಯುವ ಬಗೆ

ನೆಟ್‌ವರ್ಕ್ ಲಾಕ್ ಎಂದರೆ ಮೊಬೈಲ್ ಫೋನು ಒಂದೇ ಕಂಪನಿಯ ಸಿಮ್ ಒಪ್ಪಿಕೊಂಡು ಉಳಿದವನ್ನೆಲ್ಲ ತಿರಸ್ಕರಿಸುವಂತೆ ಮಾಡುವ ಏರ್ಪಾಡು. ಅಮೆರಿಕದಲ್ಲಿ ಇದು ಬೇರುಬಿಡಲು ಕಾರಣ ಅಲ್ಲಿ ಫೋನು ಮಾರುವ ರೀತಿ. ಬಹಳಷ್ಟು ಜನ ಅಲ್ಲಿ ಫೋನು ಕೊಳ್ಳುವುದು ಏಟಿ ಅಂಡ್ ಟಿ, ವೆರೈಜನ್, ಟಿ-ಮೊಬೈಲ್‌ನಂಥ ದೂರಸಂಪರ್ಕ ಕಂಪನಿಗಳಿಂದಲೇ. ಮೊದಲೆಲ್ಲ ಎರಡು ವರ್ಷದ ಕರಾರು ಮಾಡಿಸಿಕೊಂಡು ಫೋನನ್ನು ಅಗ್ಗಕ್ಕೆ ಕೊಡುತ್ತಿದ್ದರು. ಈಗ 24 ಅಥವಾ 36 ತಿಂಗಳ ಕಂತು. ಬಾಕಿ ತೀರುವ ಮುನ್ನ ಗ್ರಾಹಕ ಬೇರೆ ಕಂಪನಿಗೆ ಹೋಗದಿರಲಿ ಎಂದು ಲಾಕ್ ಹಾಕುತ್ತಾರೆ. ಭಾರತದಲ್ಲಿ ಜನ ಫೋನನ್ನು ಬೇರೆ, ಸಿಮ್ಮನ್ನು ಬೇರೆ ಕೊಳ್ಳುವುದರಿಂದ ಈ ಪದ್ಧತಿ ಇಲ್ಲಿ ನೆಲೆಯೂರಲಿಲ್ಲ. 2003ರ ಸುಮಾರಿಗೆ ಬಂದ ರಿಲಯನ್ಸ್ ಸಿಡಿಎಂಎ ಫೋನುಗಳು, 2017ರ ಜಿಯೋಫೋನ್ ಇದಕ್ಕೆ ಅಪವಾದ. ಕರ್ನಾಟಕದ ಮನೆಗಳಿಗೆ ಲಾಕ್ ಇರುವ ಫೋನು ಹೆಚ್ಚಾಗಿ ಬರುವುದು ಅಮೆರಿಕದಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಉಡುಗೊರೆಯಾಗಿ, ಇಲ್ಲವೇ ಸೆಕೆಂಡ್ ಹ್ಯಾಂಡ್ ಅಂಗಡಿಯ ಮೂಲಕ.

ಲಾಕ್ ಕೆಲಸ ಮಾಡುವ ಕ್ರಮ ಸರಳ. ಪ್ರತಿ ಸಿಮ್‌ನಲ್ಲೂ ಐಎಂಎಸ್ಐ ಎಂಬ ಗುರುತು ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ 15 ಅಂಕಿ. ಮೊದಲ ಮೂರು ಅಂಕಿ ದೇಶವನ್ನೂ ನಂತರದ ಎರಡು ಅಥವಾ ಮೂರು ಅಂಕಿ ಕಂಪನಿಯನ್ನೂ ಸೂಚಿಸುತ್ತವೆ. ಏಟಿ ಅಂಡ್ ಟಿ ಸಿಮ್ 310 410 ಎಂದು ಆರಂಭವಾದರೆ, ಕರ್ನಾಟಕದ ಏರ್‌ಟೆಲ್ ಸಿಮ್ 404 45 ಎಂದು ಆರಂಭವಾಗುತ್ತದೆ. ಸಿಮ್ ಹಾಕಿದೊಡನೆ ಫೋನು ಈ ಮೊದಲ ಅಂಕಿಗಳನ್ನು ಓದಿ ತನ್ನಲ್ಲಿರುವ ಅನುಮತಿ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಪರದೆಯ ಮೇಲೆ ಅನ್‌ಲಾಕ್ ಪಿನ್ ಕೇಳುತ್ತದೆ, ಇಲ್ಲವೇ ಈ ಸಿಮ್ ನಡೆಯದು ಎಂದುಬಿಡುತ್ತದೆ. ರೇಡಿಯೋ, ಆಂಟೆನಾ ಎಲ್ಲವೂ ನೆಟ್ಟಗಿದ್ದರೂ ಫೋನು ಕೆಲಸ ಮಾಡದಿರುವುದು ಪಟ್ಟಿಯಲ್ಲಿ ಆ ಐದಾರು ಅಂಕಿ ಇಲ್ಲದ ಕಾರಣಕ್ಕೆ.

ಪಿನ್ ಬರುವ ಮೂಲ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಹಳೆಯ ನೋಕಿಯಾ ಫೋನುಗಳಲ್ಲಿ ಫೋನಿನದೇ ಗುರುತು ಸಂಖ್ಯೆಯಾದ ಐಎಂಇಐ ಮತ್ತು ಕಂಪನಿಯ ಸಂಕೇತವನ್ನು ಒಂದು ಸೂತ್ರಕ್ಕೆ ಹಾಕಿದರೆ ಪಿನ್ ಸಿಗುತ್ತಿತ್ತು. ಸೂತ್ರ ಹೊರಬಿದ್ದ ಮೇಲೆ ಲೆಕ್ಕ ಮಾಡಿಕೊಡುವ ಪುಕ್ಕಟೆ ತಂತ್ರಾಂಶಗಳು ಎಲ್ಲೆಡೆ ಹರಡಿದವು. ಆಮೇಲೆ ತಯಾರಕರು ಯಾವ ಸೂತ್ರಕ್ಕೂ ಸಿಗದ ಯಾದೃಚ್ಛಿಕ ಪಿನ್‌ಗಳನ್ನು ಕೊಡತೊಡಗಿದರು. ಅವು ತಯಾರಕರ ಮತ್ತು ಕಂಪನಿಯ ದಾಖಲೆಯಲ್ಲಿ ಮಾತ್ರ ಇರುತ್ತವೆ. ಊಹಿಸಿ ಒತ್ತುತ್ತ ಹೋದರೂ ಆಗದು. ಕೆಲವೇ ಸಲ ತಪ್ಪಿದರೆ, ಹಲವು ಮಾದರಿಗಳಲ್ಲಿ ಐದು ಇಲ್ಲವೇ ಹತ್ತು ಸಲ, ಫೋನು ಆಮೇಲೆ ಸರಿಯಾದ ಪಿನ್ ಕೊಟ್ಟರೂ ಒಪ್ಪುವುದಿಲ್ಲ. ಐಫೋನ್‌ನಲ್ಲಿ ಪಿನ್ ಎಂಬುದೇ ಇಲ್ಲ. ಯಾವ ಫೋನು ಯಾವ ಕಂಪನಿಗೆ ಕಟ್ಟುಬಿದ್ದಿದೆ ಎಂಬುದು ಆಪಲ್‌ನ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಕಂಪನಿ ಒಪ್ಪಿಗೆ ಕಳಿಸಿದ ಮೇಲೆ ಆ ದಾಖಲೆ ಬದಲಾಗುತ್ತದೆ. ಫೋನು ಆ್ಯಕ್ಟಿವೇಶನ್ ಹೊತ್ತಿಗೆ ಅದನ್ನು ಪಡೆದುಕೊಳ್ಳುತ್ತದೆ. ಅಂದರೆ ಇಂದಿನ ಲಾಕ್‌ನ ಬೀಗದ ಕೈ ಇರುವುದು ಕಂಪನಿಯ ಕಡತದಲ್ಲಿ. ಅನ್‌ಲಾಕ್ ಮಾಡಿಕೊಡುತ್ತೇನೆಂದು ಯಾರೇ ಹೇಳಲಿ, ಆ ಕಡತಕ್ಕೆ ಅವರ ಕೈ ಹೇಗೆ ತಲುಪುತ್ತದೆ ಎಂದು ಮೊದಲು ಕೇಳಿಕೊಳ್ಳಬೇಕು.

2007ರ ಜೂನ್‌ನಲ್ಲಿ ಮೊದಲ ಐಫೋನ್ ಬಂದಾಗ ಅದು ಅಮೆರಿಕದಲ್ಲಿ ಏಟಿ ಅಂಡ್ ಟಿಗೆ ಮಾತ್ರ ಮೀಸಲು. ಅದೇ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ 17 ವರ್ಷದ ಹುಡುಗ ಜಾರ್ಜ್ ಹಾಟ್ಜ್ ಫೋನು ಬಿಚ್ಚಿ, ಬೆಸುಗೆ ಹಾಕಿ, ಲಾಕ್ ತೆಗೆದು ತೋರಿಸಿದ. ಹಾಗೆ ತೆರೆದ ಒಂದು ಫೋನನ್ನು ಒಂದು ನಿಸಾನ್ ಕಾರು ಮತ್ತು ಮೂರು ಹೊಸ ಐಫೋನ್‌ಗಳಿಗೆ ಬದಲಾಯಿಸಿಕೊಂಡ. ಕಾನೂನು ಮಾತ್ರ ಬಹುಕಾಲ ತೂಗುಯ್ಯಾಲೆಯಲ್ಲಿತ್ತು. 1998ರ ಹಕ್ಕುಸ್ವಾಮ್ಯ ಕಾಯಿದೆ ಡಿಜಿಟಲ್ ಬೀಗ ಮುರಿಯುವುದನ್ನು ನಿಷೇಧಿಸಿತ್ತು. 2006ರಲ್ಲಿ ಫೋನಿನ ಲಾಕ್‌ಗೆ ವಿನಾಯಿತಿ ಸಿಕ್ಕಿತು. 2013ರ ಜನವರಿಯಿಂದ ಹೊಸ ಫೋನುಗಳಿಗೆ ಆ ವಿನಾಯಿತಿ ಹೋಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. 2014ರ ಆಗಸ್ಟ್ 1ರಂದು ಒಬಾಮಾ ಸಹಿ ಹಾಕಿದ ಕಾಯಿದೆ ಆ ಹಕ್ಕನ್ನು ಮರಳಿ ಕೊಟ್ಟಿತು. ಕೆನಡಾ 2017ರ ಡಿಸೆಂಬರ್‌ನಿಂದ, ಬ್ರಿಟನ್ 2021ರ ಡಿಸೆಂಬರ್‌ನಿಂದ ಲಾಕ್ ಮಾಡಿದ ಫೋನಿನ ಮಾರಾಟವನ್ನೇ ನಿಲ್ಲಿಸಿದವು. ಗ್ರಾಹಕರಿಗೆ ಹಿತವಾದ ದಾರಿ ಇದೇ.

ಅಮೆರಿಕದಲ್ಲಿ ಈಗಲೂ ಹಲವು ಸಲ ಅರ್ಜಿ ಹಾಕಬೇಕಾಗುತ್ತದೆ, ಆದರೆ ದೊಡ್ಡ ಕಂಪನಿಗಳು ಅದಕ್ಕೆ ಹಣ ಕೇಳುವುದಿಲ್ಲ. ಸಾಮಾನ್ಯವಾಗಿ ಕಂತು ಪೂರ್ತಿ ತೀರಿರಬೇಕು, ಫೋನು ಕಳವಾಗಿದೆ ಎಂಬ ದೂರು ಇರಬಾರದು, ಕಂಪನಿಯ ಜಾಲದಲ್ಲಿ ಇಂತಿಷ್ಟು ದಿನ ಬಳಕೆಯಾಗಿರಬೇಕು. ದಿನಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ; ಆಗಾಗ ಬದಲಾಗುವುದೂ ಉಂಟು. *#06# ಒತ್ತಿದರೆ ಕಾಣುವ 15 ಅಂಕಿಯ ಐಎಂಇಐಯನ್ನು ಕಂಪನಿಯ ಜಾಲತಾಣದ ಅರ್ಜಿಯಲ್ಲಿ ತುಂಬಿದರೆ ಕೆಲವೇ ದಿನಗಳಲ್ಲಿ ಉತ್ತರ ಬರುತ್ತದೆ. ಸ್ವದೇಶಕ್ಕೆ ಹೊರಟವರು ಅಲ್ಲಿನ ಖಾತೆ ಮುಚ್ಚುವ ಮುನ್ನವೇ ಇದನ್ನು ಮುಗಿಸಿಕೊಳ್ಳುವುದು ಮೇಲು.

ಅರ್ಹತೆ ಇಲ್ಲದ ಫೋನುಗಳಿಂದಲೇ ಕಳ್ಳಪೇಟೆ ಬೆಳೆದದ್ದು. ಅಲ್ಲಿಯ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದು ಎರಡು ಮೊಕದ್ದಮೆಗಳಲ್ಲಿ ಹೊರಬಿತ್ತು. ಮುಹಮ್ಮದ್ ಫಹ್ದ್ ಎಂಬಾತ 2012ರಿಂದ ವಾಷಿಂಗ್ಟನ್ ರಾಜ್ಯದ ಬಾಥೆಲ್‌ನಲ್ಲಿದ್ದ ಏಟಿ ಅಂಡ್ ಟಿ ಕಾಲ್ ಸೆಂಟರ್‌ನ ನೌಕರರಿಗೆ ಲಂಚ ಕೊಟ್ಟು ಅನ್‌ಲಾಕ್ ಮಾಡಿಸುತ್ತಿದ್ದ. ಮುಂದೆ ಅದೇ ನೌಕರರ ಕೈಯಲ್ಲಿ ಕಂಪನಿಯ ಕಂಪ್ಯೂಟರ್‌ಗಳಿಗೆ ಕುತಂತ್ರಾಂಶ ಹಾಕಿಸಿ, ದೂರದಿಂದಲೇ ಕೆಲಸ ಸಾಗಿಸಿದ. ಹೀಗೆ ತೆರೆದ ಫೋನುಗಳು ಸುಮಾರು 19 ಲಕ್ಷ. ಕಂಪನಿಗಾದ ನಷ್ಟ 20 ಕೋಟಿ ಡಾಲರ್ ದಾಟಿತು. 2021ರಲ್ಲಿ ಅವನಿಗೆ 12 ವರ್ಷ ಸೆರೆವಾಸವಾಯಿತು. ಲಾಸ್ ಏಂಜಲೀಸ್‌ನಲ್ಲಿ ಟಿ-ಮೊಬೈಲ್ ಅಂಗಡಿ ಇಟ್ಟಿದ್ದ ಇನ್ನೊಬ್ಬ, ನಕಲಿ ಇಮೇಲ್ ಕಳಿಸಿ 50ಕ್ಕೂ ಹೆಚ್ಚು ನೌಕರರ ಪಾಸ್‌ವರ್ಡ್ ಕದ್ದು ಇದೇ ದಂಧೆಯಲ್ಲಿ ಸುಮಾರು 2.5 ಕೋಟಿ ಡಾಲರ್ ಗಳಿಸಿದ. 2022ರಲ್ಲಿ ಅವನಿಗೆ 10 ವರ್ಷ ಶಿಕ್ಷೆಯಾಯಿತು. ಇಂಥ ಸೇವೆಗಳು ಗ್ರಾಹಕರಿಗೆ ಅಧಿಕೃತವೆಂಬಂತೆಯೇ ಕಂಡಿದ್ದವು.

ಇವು ಹೇಗೋ ಕೆಲಸವನ್ನಾದರೂ ಮಾಡಿಕೊಡುತ್ತಿದ್ದವು. ಅದನ್ನೂ ಮಾಡದೆ ಹಣ ಹೊಡೆಯುವವರೂ ಇದ್ದಾರೆ. ಮೊದಲು ಐಎಂಇಐ ಪರೀಕ್ಷೆಗೆಂದು ಸಣ್ಣ ಮೊತ್ತ, ಬಳಿಕ ‘ಈ ಫೋನಿಗೆ ಪ್ರೀಮಿಯಂ ಸೇವೆ ಬೇಕು’ ಎಂದು ದೊಡ್ಡ ಮೊತ್ತ, ಆಮೇಲೆ ಹತ್ತು ಹದಿನೈದು ದಿನ ಕಾಯಿರಿ ಎಂಬ ಮಾತು. ಹಣವನ್ನು ಗಿಫ್ಟ್ ಕಾರ್ಡ್ ಅಥವಾ ಕ್ರಿಪ್ಟೋ ರೂಪದಲ್ಲೇ ಕೇಳಿದರೆ ಅದು ಮರಳಿ ಬರುವ ದಾರಿ ಇಲ್ಲ. ಇನ್ನು ಕೆಲವರು ಕಂಪ್ಯೂಟರ್‌ಗೆ ಒಂದು ತಂತ್ರಾಂಶ ಹಾಕಿಸಿ, ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿದ ಫೋನನ್ನು ದೂರದಿಂದಲೇ ಕೈಗೆ ತೆಗೆದುಕೊಳ್ಳುತ್ತಾರೆ. ಒಳಗಿನ ಫೋಟೋ, ಬ್ಯಾಂಕ್ ಆ್ಯಪ್, ಒಟಿಪಿ ಎಲ್ಲ ಅಪಾಯಕ್ಕೆ ಸಿಕ್ಕಂತೆ. ಆಪಲ್ ಐಡಿ ಪಾಸ್‌ವರ್ಡ್ ಅಥವಾ ಸಿಮ್ ಖಾತೆಯ ಪಿನ್ ಕೇಳುವವರಿಂದ ದೂರ ಸರಿಯಬೇಕು, ಏಕೆಂದರೆ ನೆಟ್‌ವರ್ಕ್ ಲಾಕ್ ತೆಗೆಯಲು ಹೊರಗಿನವರಿಗೆ ಅವೆರಡೂ ಬೇಕಿಲ್ಲ. ಸಿಮ್ ಕೆಳಗೆ ಇಡುವ ಕಾಗದದಷ್ಟು ತೆಳ್ಳಗಿನ ಚಿಪ್‌ಗಳೂ ಮಾರಾಟಕ್ಕಿವೆ. ಅವು ಫೋನಿಗೆ ಸುಳ್ಳು ಗುರುತು ಕೊಟ್ಟು ಏಮಾರಿಸುತ್ತವೆ. ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಉಪಯೋಗಕ್ಕೆ ಬಾರದೆ ಹೋಗಬಹುದು.

ನೆಟ್‌ವರ್ಕ್ ಲಾಕ್ ಬೇರೆ, ಪರದೆಯ ಲಾಕ್ ಬೇರೆ, ಹಿಂದಿನ ಮಾಲೀಕನ ಖಾತೆಗೆ ಅಂಟಿದ ಆ್ಯಕ್ಟಿವೇಶನ್ ಲಾಕ್ ಬೇರೆ. ಕಳವಿನ ದೂರಿನಿಂದ ಐಎಂಇಐ ಕಪ್ಪುಪಟ್ಟಿಗೆ ಸೇರಿದ್ದರೆ ನೆಟ್‌ವರ್ಕ್ ಲಾಕ್ ತೆಗೆದೂ ಪ್ರಯೋಜನವಿಲ್ಲ. ಐಎಂಇಐಯನ್ನೇ ಬದಲಾಯಿಸಿಕೊಡುತ್ತೇನೆ ಎನ್ನುವ ಅಂಗಡಿಯವನ ಮಾತಿಗೆ ಒಪ್ಪಿದರೆ ಭಾರತದ 2023ರ ದೂರಸಂಪರ್ಕ ಕಾಯಿದೆಯಡಿ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಳೆಯ ಫೋನು ಕೊಳ್ಳುವ ಮುನ್ನ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ ಪರೀಕ್ಷಿಸಿ, ತಮ್ಮದೇ ಸಿಮ್ ಹಾಕಿ ಒಂದು ಕರೆ ಮಾಡಿ ನೋಡಬೇಕು. ಐಫೋನ್ ಆದರೆ ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಸಿಮ್ ನಿರ್ಬಂಧ ಇಲ್ಲ ಎಂಬ ಸಾಲು ಇರಬೇಕು. ಅಮೆರಿಕದಲ್ಲಿ ಮಾರಾಟವಾದ ಐಫೋನ್ 14 ಮತ್ತು ನಂತರದ ಮಾದರಿಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಲಾಕ್ ಇಲ್ಲದಿದ್ದರೂ ಆ ಫೋನಿಗೆ ಇಲ್ಲಿಯ ಕಂಪನಿಯಿಂದ ಇ-ಸಿಮ್ ಪಡೆಯಲೇಬೇಕು.